ಕಿಟಕಿ ಮುಚ್ಚುವ ಮುನ್ನ

ಬೇಸಿಗೆಯ ರಾತ್ರಿ ಮಾಳಿಗೆಯ ಮೇಲೆ ಹಾಸಿಗೆ ಹಾಸಿ ಮಲಗುವುದು ಕಲಬುರ್ಗಿ, ಬೀದರ, ರಾಯಚೂರು ಕಡೆಯಿಂದ ಬಂದ ನಮ್ಮವರಿಗೆ ಹೊಸದಲ್ಲ. ಕೋಠಿಯ ಓಣಿಗಳಲ್ಲಿ ಸಂಸಾರ ಹೂಡಿದ ಹಿರಿಯರು ಈ ರೂಢಿಯನ್ನೂ ಜೊತೆಗೆ ತಂದಿದ್ದರು. ಈಗ ಅದು ಮರೆಯಾಗುತ್ತಿದೆ. ಕಾರಣ ಕೇಳಿದರೆ, "ಮ್ಯಾಲೆ ನುಸಿ ಭಾಳ ಅವರೀ" ಎಂಬ ಉತ್ತರ. ಆದುದರಿಂದ ಕಿಟಕಿ ಬಾಗಿಲುಗಳನ್ನು ಮುಚ್ಚಿ, ಸೊಳ್ಳೆಬತ್ತಿ ಹಚ್ಚಿ, ಕಾದ ಕೋಣೆಯೊಳಗೆ ಬೇಯುತ್ತೇವೆ. ಇದು ಸಣ್ಣ ಶತ್ರುವಿಗೆ ಅಂಜಿ ದೊಡ್ಡ ಶತ್ರುವಿಗೆ ಶರಣಾದಂತೆ ಎಂದು ನನ್ನ ಅಭಿಪ್ರಾಯ.

ಕಡಿಯುವ ನುಸಿಯ ಉದ್ದ 1ರಿಂದ 3 ಮಿಲಿಮೀಟರು ಮಾತ್ರ. ಒದ್ದೆ ಕೆಸರು, ಸಗಣಿ, ಕೊಳೆತ ಎಲೆಗಳು ಅದರ ತವರು. ಮೂಸಿ ನದಿಯ ದಂಡೆಯಾದರೋ ಕೋಠಿಗೆ ಅನತಿ ದೂರದಲ್ಲಿದೆ. ಮುಂಜಾವು, ಮುಸ್ಸಂಜೆಗಳಲ್ಲಿ ಅದರ ಕಾಟ ಹೆಚ್ಚು. ಕುರಿಗಳಿಗೆ ನೀಲಿನಾಲಿಗೆ ರೋಗ ಹರಡುವ ಈ ಕೀಟದಿಂದ ನಮ್ಮಲ್ಲಿ ಮನುಷ್ಯನಿಗಾಗುವ ಬಾಧೆ ಬಹುಮಟ್ಟಿಗೆ ತುರಿಕೆ, ದದ್ದು. ಕೆರೆದು ಹುಣ್ಣು ಮಾಡಿಕೊಳ್ಳದೆ ತಣ್ಣೀರ ಬಟ್ಟೆ ಇಟ್ಟರೆ ಶಮನವಾಗುತ್ತದೆ.

ಬಿಸಿಲಿನ ಮಾತು ಹಾಗಲ್ಲ. 2015ರ ಬೇಸಿಗೆಯಲ್ಲಿ ತೆಲಂಗಾಣ, ಆಂಧ್ರಗಳಲ್ಲಿ ಸೆಕೆಗೆ ಬಲಿಯಾದವರು ಎರಡು ಸಾವಿರಕ್ಕೂ ಹೆಚ್ಚೆಂದು ವರದಿಯಾಯಿತು. ಹಗಲೆಲ್ಲ ಕಾದ ಗೋಡೆ, ಛಾವಣಿಗಳು ರಾತ್ರಿಯೂ ಶಾಖ ಉಗುಳುತ್ತವೆ. ದೇಹ ತಣಿಯಲು ಬಿಡುವಿಲ್ಲದಿದ್ದರೆ ಮೊದಲು ಕುಗ್ಗುವವರು ವೃದ್ಧರು, ಕೂಸುಗಳು. ಅದರ ಮೇಲೆ ಹೊಗೆಯೊಂದು. ಒಂದು ಸೊಳ್ಳೆಬತ್ತಿ ಉರಿದಾಗ ಹೊರಡುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳ ಹೊಗೆಯಲ್ಲಿರುವಷ್ಟು ಎಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಮುಚ್ಚಿದ ಕೋಣೆಯಲ್ಲಿ ಅದನ್ನು ಉಸಿರಾಡುವವರು ನಮ್ಮ ಮಕ್ಕಳೇ.

ಹಾಗೆಂದು ಸೊಳ್ಳೆಯನ್ನು ಹಗುರಾಗಿ ಕಾಣಬೇಕೆಂದಲ್ಲ. ಮಲೇರಿಯಾದ ಪರೋಪಜೀವಿಯನ್ನು ಸೊಳ್ಳೆಯ ಹೊಟ್ಟೆಯಲ್ಲಿ ರೊನಾಲ್ಡ್ ರಾಸ್ ಕಂಡದ್ದು 1897ರ ಆಗಸ್ಟ್ 20ರಂದು, ಇದೇ ಅವಳಿ ನಗರದ ಸಿಕಂದರಾಬಾದಿನಲ್ಲಿ. ಡೆಂಗೆಯ ಸೊಳ್ಳೆಯಂತೂ ಹಗಲೇ ಕಡಿಯುತ್ತದೆ; ನಿಂತ ತಿಳಿನೀರಿನಲ್ಲಿ ಮೊಟ್ಟೆಯಿಡುತ್ತದೆ. ಸೆಕೆಗೆಂದು ನಾವೇ ತಂದಿಟ್ಟ ಕೂಲರಿನ ತೊಟ್ಟಿ ಅದಕ್ಕೆ ಹೇಳಿಮಾಡಿಸಿದ ತೊಟ್ಟಿಲು! ವಾರಕ್ಕೊಮ್ಮೆ ಆ ನೀರು ಚೆಲ್ಲಿ, ತೊಟ್ಟಿಯನ್ನು ಉಜ್ಜಿ ಒಣಗಿಸಬೇಕು.

ಇನ್ನು ಮಾಳಿಗೆಗೆ ಮರಳುವ ಬಗೆ. ನುಸಿ ದುರ್ಬಲ ಹಾರಾಟಗಾರ; ಫ್ಯಾನಿನ ಗಾಳಿಗೆ ಎದುರು ನಿಲ್ಲಲಾರದು. ಸಾಧಾರಣ ಮಚ್ಛರದಾನಿಯ ಕಣ್ಣುಗಳಲ್ಲಿ ಅದು ನುಸುಳೀತು, ಒತ್ತಾದ ನೇಯ್ಗೆಯದನ್ನೇ ಕೊಳ್ಳಿರಿ. ಸಂಜೆ ತೆಳು ಹತ್ತಿಯ, ತುಂಬುತೋಳಿನ ಬಟ್ಟೆ ಧರಿಸಿರಿ. ಅದು ನುಸಿಯನ್ನೂ ತಡೆಯುತ್ತದೆ, ಬೆವರನ್ನೂ ಆರಿಸುತ್ತದೆ. ಸುಲ್ತಾನ್ ಬಜಾರಿಗೆ ಹೋಗುವುದಿದ್ದರೆ ನಡುಹಗಲು ಬೇಡ. ಹೊರಡುವ ಮುನ್ನ ಉಪ್ಪು ಬೆರೆಸಿದ ಮಜ್ಜಿಗೆ ಕುಡಿಯಿರಿ. ಬಿಸಿಲಲ್ಲಿ ಯಾರಾದರೂ ಮೈ ಸುಡುತ್ತ ತಡಬಡಿಸಿ ಮಾತಾಡತೊಡಗಿದರೆ ನೆರಳಿಗೆ ಒಯ್ದು, ಮೈಗೆ ನೀರು ಹಾಕಿ ಗಾಳಿ ಬೀಸುತ್ತ, ತಡಮಾಡದೆ ಆಸ್ಪತ್ರೆಗೆ ಸಾಗಿಸಿರಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿರಿ.

ಕೊನೆಯ ಮಾತು. ಒಂದು ಮನೆಯವರು ತೊಟ್ಟಿ ತೊಳೆದು, ನೆರೆಮನೆಯ ಮಾಳಿಗೆಯಲ್ಲಿ ನೀರು ನಿಂತರೆ ಶ್ರಮ ವ್ಯರ್ಥ. ವರ್ಷಕ್ಕೊಮ್ಮೆ ರಾಜ್ಯೋತ್ಸವಕ್ಕೆ ಕೂಡುವ ನಾವು, ಬೇಸಿಗೆಯಲ್ಲಿ ವಾರಕ್ಕೊಂದು ದಿನ ಒಟ್ಟಾಗಿ ಓಣಿಯ ನಿಂತ ನೀರನ್ನು ಚೆಲ್ಲಬಾರದೇಕೆ? ನೆರೆಯ ತೆಲುಗರನ್ನೂ ಉರ್ದು ಬಾಂಧವರನ್ನೂ ಕರೆಯೋಣ. ಸೊಳ್ಳೆಗೆ ಭಾಷಾಭೇದವಿಲ್ಲ, ಅದನ್ನು ಓಡಿಸುವ ಕೆಲಸಕ್ಕೂ ಬೇಡ.