ತಂಪಿನ ಲೆಕ್ಕ

ಹೆಂಚಿನ ಮಾಡು ಇಳಿದು ಕಾಂಕ್ರೀಟ್ ತಾರಸಿ ಏರಿದ ಮಲೆನಾಡಿನ ಮನೆಗಳಿಗೆ ಹವಾನಿಯಂತ್ರಕವೂ ಬರುತ್ತಿದೆ. ಕೊಳ್ಳುವವರು ನಕ್ಷತ್ರಗಳನ್ನಷ್ಟೇ ಎಣಿಸದೆ ಒಳಗಿನ ಅನಿಲ ಯಾವುದೆಂದೂ ವಿಚಾರಿಸಬೇಕು. ಇಂಗಾಲದ ಡೈಆಕ್ಸೈಡಿಗೆ ತೂಕಕ್ಕೆ ತೂಕ ಹೋಲಿಸಿದರೆ, ನೂರು ವರ್ಷಗಳ ಲೆಕ್ಕದಲ್ಲಿ, ಹಳೆಯ ಆರ್-22 ಸುಮಾರು 1,800 ಪಟ್ಟು, ಆರ್-32 ಸುಮಾರು 675 ಪಟ್ಟು ಭೂಮಿಯನ್ನು ಕಾಯಿಸುತ್ತವೆ. ಆರ್-290 ಅತ್ಯಲ್ಪ, ಆದರೆ ಬೇಗ ಹೊತ್ತಿಕೊಳ್ಳುವ ಗುಣದ್ದಾದ್ದರಿಂದ ನುರಿತವರೇ ಜೋಡಿಸಬೇಕು.

ಅನಿಲ ಬಳಸಿದಂತೆ ಖರ್ಚಾಗುವಂಥದ್ದಲ್ಲ. ಬೇಸಿಗೆ ಬೇಸಿಗೆಗೂ ತುಂಬಿಸಬೇಕಾದರೆ ಎಲ್ಲೋ ಸೋರುತ್ತಿದೆಯೆಂದೇ ಅರ್ಥ. ಸೋರಿಕೆ ಮುಚ್ಚದೆ ತುಂಬಿಸಿದ್ದು ಆಕಾಶದ ಪಾಲು. ಶೋಧಕ ಜಾಲರಿಯನ್ನು ಎರಡು ವಾರಕ್ಕೊಮ್ಮೆ ತೊಳೆದು, ಉಷ್ಣತೆಯನ್ನು 24 ಡಿಗ್ರಿಗಿಂತ ಕೆಳಗಿಳಿಸದಿದ್ದರೆ ವಿದ್ಯುತ್ ಉಳಿಯುತ್ತದೆ. ವಿದ್ಯುತ್ತಿಗಾಗಿ 1960ರ ದಶಕದಲ್ಲಿ ಶರಾವತಿ ಕಣಿವೆಯ ಊರುಗಳನ್ನೇ ಮುಳುಗಿಸಿಕೊಂಡ ಸೀಮೆಗೆ ಒಂದು ಯೂನಿಟ್ಟಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಿಲ್ಲ. ಯಂತ್ರ ಕೊಳ್ಳುವ ಮುನ್ನ ತಾರಸಿಗೆ ಸುಣ್ಣ ಬಳಿದು, ಪಡುವಣ ಗೋಡೆಗೆ ಮರದ ನೆರಳು ಕೊಟ್ಟು ನೋಡಬಾರದೇ?