ಹಿಂದಕ್ಕೆ ನಡೆಸುವ ವಿದ್ಯೆ

ಕಬ್ಬು ನುರಿಸುವ ಹಂಗಾಮು ಆರಂಭವಾಯಿತೆಂದರೆ ಅಥಣಿಯ ಸುತ್ತಿನ ರಸ್ತೆಗಳಲ್ಲಿ ಹಗಲಿರುಳೆನ್ನದೆ ಟ್ರ್ಯಾಕ್ಟರುಗಳ ಸಾಲು. ಅನೇಕವುಗಳ ಬೆನ್ನಿಗೆ ಎರಡೆರಡು ಟ್ರಾಲಿಗಳು. ಟ್ರಾಲಿಗಳ ಮೇಲೆ ಆಳೆತ್ತರವನ್ನು ಮೀರಿದ ಕಬ್ಬಿನ ಹೊರೆ. ಇವು ಮುಂದಕ್ಕೆ ಸಾಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಹಿಂದಕ್ಕೆ ಸಾಗುವುದನ್ನು ನಿಂತು ನೋಡಿದವರು ವಿರಳ. ಭೌತಶಾಸ್ತ್ರದ ವಿದ್ಯಾರ್ಥಿಗೆ ಹೆಚ್ಚಿನ ಪಾಠವಿರುವುದು ಈ ಎರಡನೆಯದರಲ್ಲಿಯೇ ಎಂಬುದು ನಮ್ಮ ಅಭಿಪ್ರಾಯ.

ಕಳೆದ ಹಂಗಾಮು ಮುಗಿದ ಮೇಲೆ ಒಂದು ಸಂಜೆ, ಊರಾಚೆಯ ಬಯಲಿನಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನನ್ನು ಕಂಡೆವು. ಓದು ನಿಲ್ಲಿಸಿ ಲಾರಿ ಚಾಲಕನಾಗಲು ಹೊರಟಿದ್ದ ಅವನಿಗೆ ಮೊದಲ ಅಭ್ಯಾಸಕ್ಕೆಂದು ಟ್ರ್ಯಾಕ್ಟರು ಮತ್ತು ಒಂದು ಬರಿಯ ಟ್ರಾಲಿಯನ್ನು ಕೊಟ್ಟಿದ್ದರು. ನೆಟ್ಟ ಎರಡು ಕಲ್ಲುಗಳ ನಡುವೆ ಟ್ರಾಲಿಯನ್ನು ಹಿಮ್ಮುಖವಾಗಿ ಸೇರಿಸಬೇಕು. ಪ್ರತಿಸಲವೂ ಟ್ರಾಲಿ ಒಂದು ಮಗ್ಗುಲಿಗೆ ಹೊರಳಿ, ಮಡಿಚಿದ ಚಾಕುವಿನಂತೆ ಟ್ರ್ಯಾಕ್ಟರಿಗೆ ಅಡ್ಡವಾಗಿ ನಿಲ್ಲುತ್ತಿತ್ತು. ಕಲಿಸುತ್ತಿದ್ದ ಉಸ್ತಾದನ ಬೈಗುಳ ಬಯಲಿಗೆಲ್ಲ ಕೇಳಿಸುತ್ತಿತ್ತು. ಹುಡುಗ ಇಳಿದು ಬಂದು ತಲೆ ತಗ್ಗಿಸಿ ನಿಂತ. “ಎಡಕ್ಕ ತಿರುವಿದ್ರ ಬಲಕ್ಕ ಹೋಗತೈತ್ರಿ ಸರ. ಈ ವಿದ್ಯಾ ನನ್ನ ತಲಿಗಿ ಹತ್ತೂದಿಲ್ರಿ. ನಾಳಿಂದ ಬರೂದಿಲ್ಲಂತ ಹೇಳಿಬಿಡತೇನ್ರಿ” ಎಂದ.

ದೋಷ ಅವನ ತಲೆಯದೆ? ವಿಚಾರಮಾಡಿ ನೋಡೋಣ.

ದಾರದಿಂದ ಆಟಿಕೆಯ ಬಂಡಿಯನ್ನು ಎಳೆದರೆ, ಅದು ಮೊದಲು ಎಷ್ಟೇ ಓರೆಯಾಗಿದ್ದರೂ ಕ್ರಮೇಣ ನೇರವಾಗುತ್ತದೆ. ಟ್ರಾಲಿಯೂ ಹಾಗೆಯೇ. ಮುಂದಕ್ಕೆ ಎಳೆಯುವಾಗ ಅದರ ಓರೆಯ ಕೋನ ತಾನಾಗಿ ಕುಗ್ಗುತ್ತದೆ; ಚಾಲಕನ ಸಣ್ಣ ತಪ್ಪುಗಳನ್ನು ಪ್ರಕೃತಿಯೇ ತಿದ್ದುತ್ತದೆ. ಹಿಂದಕ್ಕೆ ತಳ್ಳುವಾಗ ಇದೇ ನಿಯಮ ತಿರುಗಿ ನಿಲ್ಲುತ್ತದೆ. ಕೊಂಡಿಯಿಂದ ಟ್ರಾಲಿಯ ಅಚ್ಚಿಗೆ 4 ಮೀಟರು ಅಂತರವಿದೆಯೆಂದೂ, ಟ್ರ್ಯಾಕ್ಟರು ನೇರವಾಗಿ ಹಿಂದೆ ಸರಿಯುತ್ತಿದೆಯೆಂದೂ ಭಾವಿಸೋಣ. ಆರಂಭದಲ್ಲಿ ಓರೆ ಕೇವಲ 5 ಅಂಶವಿರಲಿ. 4 ಮೀಟರು ಹಿಂದೆ ಸರಿಯುವಷ್ಟರಲ್ಲಿ ಅದು ಸುಮಾರು 13.5 ಅಂಶವಾಗುತ್ತದೆ, 8 ಮೀಟರಿಗೆ 36 ಅಂಶ, 12 ಮೀಟರಿಗೆ 82 ಅಂಶವನ್ನೂ ದಾಟುತ್ತದೆ. ಚಿಕ್ಕ ಕೋನಗಳಲ್ಲಿ ಈ ಹೆಚ್ಚಳ ಪ್ರತಿ 4 ಮೀಟರಿಗೆ ಸುಮಾರು 2.7 ಪಟ್ಟು. ಚಕ್ರಬಡ್ಡಿಯ ಸಾಲ ಬೆಳೆಯುವಂತೆ ತಪ್ಪೇ ತಪ್ಪನ್ನು ಬೆಳೆಸುತ್ತದೆ. ಅಂಗೈಯ ಮೇಲೆ ಕೋಲನ್ನು ನೆಟ್ಟಗೆ ನಿಲ್ಲಿಸುವವನಿಗೂ ಎದುರಾಗುವುದು ಇದೇ ಸಂಕಟ. ಇದನ್ನೇ ಶಾಸ್ತ್ರದಲ್ಲಿ ಅಸ್ಥಿರ ಸ್ಥಿತಿಯೆನ್ನುತ್ತಾರೆ.

ಉಗಾರ ಅಥವಾ ಕುಡಚಿಯ ನಿಲ್ದಾಣದ ಮೂಲಕ ಹಾಯುವ ರೈಲುಗಾಡಿಯನ್ನು ನೆನೆಯಿರಿ. ಇಂಜಿನು ಡಬ್ಬಿಗಳ ಸಾಲನ್ನು ಹಿಂದಿನಿಂದ ತಳ್ಳಿದರೂ ಅವು ಓರೆಯಾಗಲಾರವು. ಹಳಿಗಳು ಪಕ್ಕಕ್ಕೆ ಸರಿಯಗೊಡುವುದಿಲ್ಲ. ಟ್ರಾಲಿಗೆ ಹಳಿಯಿಲ್ಲ. ಚಾಲಕನ ಕಣ್ಣು ಕೈಗಳೇ ಅದರ ಹಳಿ. ಎರಡನೆಯ ಟ್ರಾಲಿಯನ್ನು ಜೋಡಿಸಿದರೆ ತಿದ್ದಬೇಕಾದ ಓರೆಗಳೂ ಹೆಚ್ಚುತ್ತವೆ.

ಹೀಗೆ ಕಾರಣ ತಿಳಿದ ಮೇಲೆ ಉಪಾಯಗಳು ತಾವಾಗಿಯೇ ದೊರೆಯುತ್ತವೆ. ಮೊದಲನೆಯದು ನಿಧಾನ. ಓರೆ ಬೆಳೆಯುವುದು ಸರಿದ ದೂರವನ್ನು ಅನುಸರಿಸಿ. ವೇಗ ತಗ್ಗಿದಷ್ಟೂ ತಿದ್ದಲು ಸಮಯ ಹೆಚ್ಚು. ಎರಡನೆಯದು, ಓರೆ ಎಳೆಯದಿರುವಾಗಲೇ ತಿದ್ದುವುದು. ಯಾವ ಪಕ್ಕದ ಕನ್ನಡಿಯಲ್ಲಿ ಟ್ರಾಲಿ ಹೆಚ್ಚು ಕಾಣಿಸತೊಡಗುವುದೋ ಆ ಪಕ್ಕಕ್ಕೇ ಸ್ಟಿಯರಿಂಗನ್ನು ಸ್ವಲ್ಪ ತಿರುಗಿಸಬೇಕು. ಎಡಕ್ಕೆ ತಿರುಗಿಸಿದಾಗ ಟ್ರ್ಯಾಕ್ಟರಿನ ಹಿಂಭಾಗ ಎಡಕ್ಕೆ ಸರಿದು ಕೊಂಡಿಯನ್ನೂ ಎಡಕ್ಕೊಯ್ಯುತ್ತದೆ. ಟ್ರಾಲಿಯ ಮುಂಭಾಗ ಎಡಕ್ಕೆ ಬಂದರೆ ಬಾಲ ಬಲಕ್ಕೆ ಹೊರಳಲೇಬೇಕು. ಹುಡುಗನಿಗೆ ವಿಪರೀತವಾಗಿ ತೋರಿದ್ದು ಇಷ್ಟೇ. ಮೂರನೆಯದು, ಓರೆ ಮಿತಿ ಮೀರಿದರೆ ಹಟ ಬಿಟ್ಟು ಮುಂದಕ್ಕೆ ಎಳೆದು ನೇರಮಾಡಿಕೊಳ್ಳುವುದು. ಇದರಲ್ಲಿ ಅವಮಾನವೇನೂ ಇಲ್ಲ.

“ನಮ್ಮ ಹಿರಿಯ ಚಾಲಕರು ಯಾವ ಶಾಸ್ತ್ರವನ್ನೂ ಓದದೆ ಕಲಿಯಲಿಲ್ಲವೆ?” ಎಂದು ಕೆಲವರು ಕೇಳಬಹುದು. ಕಲಿತರು, ನಿಜ, ಅವರ ಕೈಚಳಕಕ್ಕೆ ನಾವೂ ತಲೆಬಾಗುತ್ತೇವೆ. ಅಭ್ಯಾಸವಿಲ್ಲದೆ ಈ ವಿದ್ಯೆ ಯಾರಿಗೂ ಬಾರದು. ಆದರೆ ಕುರುಡು ಅಭ್ಯಾಸದ ಬೆಲೆಯನ್ನು ತೆರುವವರು ಯಾರು? ವಾಹನದ ಹಿಂದೆ ನಿಂತು “ಬರಲಿ, ಬರಲಿ” ಎಂದು ಕೂಗುವ ಕ್ಲೀನರ್ ಹುಡುಗ. ಅಂಗಳದಲ್ಲಿ ಆಡುವ ಮಗು. ಗದರಿಕೆಗೆ ಬೆದರಿದ ಕೈ ಸ್ಟಿಯರಿಂಗನ್ನು ಅಗತ್ಯಕ್ಕಿಂತ ಹೆಚ್ಚು ತಿರುಗಿಸುತ್ತದೆ. ಅಸ್ಥಿರ ಸ್ಥಿತಿಯಲ್ಲಿ ಅದಕ್ಕಿಂತ ಅಪಾಯ ಬೇರೆ ಬೇಕೆ? 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಪರೀಕ್ಷೆಯಲ್ಲಿ ವಾಹನವನ್ನು ಇಕ್ಕಟ್ಟಾದ ಜಾಗಕ್ಕೆ ಹಿಮ್ಮುಖವಾಗಿ, ಹತೋಟಿಯಿಂದ ಸೇರಿಸಿ ತೋರಿಸಬೇಕೆಂದು ವಿಧಿಸಿವೆ. ಹಾಗಾದರೆ ಅದರ ಕಾರಣವನ್ನು ಅರ್ಧ ಗಂಟೆ ಕುಳಿತು ವಿವರಿಸುವುದೂ ಶಿಕ್ಷಣದ ಭಾಗವಾಗಬೇಕು.

ತಪ್ಪಿನ ಪಾಲು ನಮ್ಮಂತಹ ಅಧ್ಯಾಪಕರಿಗೂ ಇದೆ. ಸ್ಥಿರ, ಅಸ್ಥಿರ ಸ್ಥಿತಿಗಳನ್ನು ಈ ಹುಡುಗನಿಗೆ ಪಾಠ ಹೇಳಿದವರು ನಾವೇ. ಕರಿಹಲಗೆಯ ಮೇಲೆ ಶಂಕುವಿನ ಚಿತ್ರ ಬರೆದೆವು. ಅವನು ಅದನ್ನೇ ಉತ್ತರಪತ್ರಿಕೆಯಲ್ಲಿ ಬರೆದು ಅಂಕ ಪಡೆದ. ಕಾಲೇಜಿನ ಮುಂದೆಯೇ ಹಾದುಹೋಗುವ ಕಬ್ಬಿನ ಟ್ರಾಲಿಯನ್ನು ನಾವು ಒಮ್ಮೆಯೂ ತೋರಿಸಲಿಲ್ಲ. ಆ ಸಂಜೆ ನೆಲದ ಮೇಲೆ ಕಡ್ಡಿಯಿಂದ ಗೀಚಿ ತೋರಿಸಿದಾಗ ಅವನು, “ಇದು ಆ ಪಾಠದಾಗಿಂದೇನ್ರಿ ಸರ?” ಎಂದು ಕೇಳಿದ. ನಮಗೆ ನಾಚಿಕೆಯಾಯಿತು.

ಮರುದಿನ ಅವನು ಮತ್ತೆ ಬಯಲಿಗೆ ಹೋದನು. ಅಂದೂ ತಪ್ಪಿದನು. ಆದರೆ ಏಕೆ ತಪ್ಪಿದೆನೆಂದು ಬಲ್ಲವನಾಗಿದ್ದನು. ನಾಲ್ಕನೆಯ ದಿನ ಟ್ರಾಲಿ ಎರಡು ಕಲ್ಲುಗಳ ನಡುವೆ ನಿಂತಿತು.

ವಾಚಕ ಮಿತ್ರರೇ, ಎರಡು ಆಟಿಕೆಯ ಬಂಡಿಗಳನ್ನು ಸಡಿಲವಾದ ಕೊಂಡಿಯಿಂದ ಜೋಡಿಸಿ ಮೊದಲು ಎಳೆದು, ಬಳಿಕ ತಳ್ಳಿ ನೋಡಿರಿ. ಮುಂದೊಂದು ದಿನ ಲಾರಿಯನ್ನು ಹಿಂದೆ ಸರಿಸಲು ತಿಣುಕುವ ಹೊಸಬನನ್ನು ಕಂಡಾಗ ನಗು ಬಾರದು. ಅವನು ನಮ್ಮೆಲ್ಲರ ಪಠ್ಯದಲ್ಲಿರುವ ಒಂದು ಕಠಿಣ ಲೆಕ್ಕವನ್ನು ಬರಿಗೈಯಿಂದ ಬಿಡಿಸುತ್ತಿರುತ್ತಾನೆ.