ದೀರ್ಘಕ್ಕೇಕೆ ಶಿಕ್ಷೆ?

ಮೂವತ್ತು ವರ್ಷಗಳಿಂದ ಮಕ್ಕಳಿಗೆ ಕಾಗುಣಿತ ಹೇಳಿಕೊಡುತ್ತಿದ್ದೇನೆ. 'ನಿ'ಗೆ ದೀರ್ಘ ಕೊಟ್ಟರೆ 'ನೀ', 'ವೆ'ಗೆ ದೀರ್ಘ ಕೊಟ್ಟರೆ 'ವೇ'. ಈ ದೀರ್ಘವೇ ಒಂದು ದಿನ ನನ್ನ ವಿದ್ಯಾರ್ಥಿನಿಯೊಬ್ಬಳನ್ನು ಕಚೇರಿಯ ಬಾಗಿಲಲ್ಲಿ ನಿಲ್ಲಿಸೀತೆಂದು ನಾನು ಎಣಿಸಿರಲಿಲ್ಲ.

ರಾರಾವಿಯ ಹುಡುಗಿ. ತಾಯಿ ಭತ್ತದ ಗದ್ದೆಗೆ ನಾಟಿ ಮಾಡಲು ಹೋಗುವವಳು. ವಿದ್ಯಾರ್ಥಿವೇತನದ ಪಟ್ಟಿಯಲ್ಲಿ ಮಗಳ ಹೆಸರೇ ಇಲ್ಲವೆಂದು ಕಚೇರಿಯಲ್ಲಿ ಹೇಳಿ ಕಳಿಸಿದ್ದರು. "ಅಕ್ಕೋರೆ, ಕೂಲಿ ಬಿಟ್ಟು ಬಂದೀನ್ರಿ, ನೀವಾರ ಕೇಳ್ರಿ" ಎಂದಳು. ಹೋದೆ. ಗುಮಾಸ್ತರು ಹೆಸರು ಹೊಡೆದು ಹುಡುಕಿದರು, ಕಂಪ್ಯೂಟರು ಇಲ್ಲವೆಂದಿತು. ಪಟ್ಟಿಯನ್ನೇ ತೆರೆಯಿರಿ ಎಂದು ಹಟ ಹಿಡಿದೆ. ಹದಿನೇಳನೆಯ ಸಾಲಿನಲ್ಲಿ, 'ನೀ'ಯಿಂದ ಶುರುವಾಗುವ ಆ ಹೆಸರು ಒಂದು ತಪ್ಪೂ ಇಲ್ಲದೆ ಕೂತಿತ್ತು!

"ಕನ್ನಡದ್ದು ಹೀಗೇ ಮೇಡಂ, ಇಂಗ್ಲಿಷಿನಲ್ಲಿ ಕೊಟ್ಟುಬಿಡಿ" ಎಂದರು.

ನಮ್ಮ ಕಣ್ಣಿಗೆ ಕಂಡದ್ದು ಕಂಪ್ಯೂಟರಿಗೆ ಕಾಣಲಿಲ್ಲವೇಕೆ? ಆ ರಾತ್ರಿ ನನ್ನ ಅಣ್ಣನ ಮಗ ಬಿಡಿಸಿ ಹೇಳಿದ. ಕಂಪ್ಯೂಟರಿಗೆ ಅಕ್ಷರವೆಂದರೆ ಬರೀ ಸಂಖ್ಯೆ. 1991ರಲ್ಲಿ ಬಂದ ಯೂನಿಕೋಡ್ ಎಂಬ ಏರ್ಪಾಡಿನಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ 128 ಮನೆಗಳು. ಗುಡಿಸು 3263, ಗುಡಿಸಿನ ದೀರ್ಘ 3264. ಆದರೆ ಬಿಡಿ ದೀರ್ಘಕ್ಕೂ 3285 ಎಂಬ ಮನೆಯುಂಟು. ಹಾಗಾಗಿ 'ನೀ' ಬರೆಯಲು ಎರಡು ದಾರಿ: 'ನ'ದ ಮುಂದೆ 3264 ಒಂದೇ, ಇಲ್ಲವೇ 3263, ಆಮೇಲೆ 3285. ತೆರೆಯ ಮೇಲೆ ಎರಡೂ ಒಂದೇ. ಹಳೆಯ ಫಾಂಟುಗಳಲ್ಲಿ ದೀರ್ಘ ಬೇರೆಯಾಗಿಯೇ ಇರುತ್ತಿತ್ತು. ಆ ಕಡತಗಳನ್ನು ಯೂನಿಕೋಡಿಗೆ ಅರೆಬರೆ ಬದಲಿಸಿದರೆ ಎರಡನೆಯ ರೂಪವೇ ಉಳಿಯುತ್ತದೆ. ಊರ ಪಕ್ಕದ ವೇದಾವತಿಗೂ ಇದೇ ಗತಿ: ಏತ್ವ 3271, ಇಲ್ಲವೇ ಎತ್ವ 3270 ಮತ್ತು ದೀರ್ಘ. ರಾರಾವಿ ಮಾತ್ರ ಪಾರು. 'ರಾ'ದ ಇಳಿಗೆ ಒಂದೇ ಸಂಖ್ಯೆ.

ಮರುದಿನ ಹೋಗಿ ಪಟ್ಟಿಯಲ್ಲಿ ಆ ಒಂದಕ್ಷರ ಅಳಿಸಿ ಮತ್ತೆ ಹೊಡೆಸಿದೆ. ಹುಡುಕಿದಾಗ ಹೆಸರು ಸಿಕ್ಕಿತು.

ಈಗ ಇಂಗ್ಲಿಷಿನಲ್ಲಿ ಕೊಡಿ ಎನ್ನುವವರಿಗೆ ನನ್ನ ಮಾತು. ಇದು ಕನ್ನಡದ ಕುಂದೇ? ರಷ್ಯನ್ನರ 'ಇ' ಅಕ್ಷರದ ನೆತ್ತಿಗೆ ಬಟ್ಟಲಿನಂಥ ಗುರುತಿಟ್ಟರೆ 'ಯ್' ಆಗುತ್ತದೆ. ಅದಕ್ಕೂ ಎರಡು ದಾರಿ: 1081 ಒಂದೇ, ಇಲ್ಲವೇ 1080 ಮತ್ತು 774. ಅದಕ್ಕಾಗಿ ಅವರೇನೂ ತಮ್ಮ ಅಕ್ಷರ ಬಿಡಲಿಲ್ಲ. ಈ ಎರಡು ರೂಪಗಳೂ ಒಂದೇ ಎಂದು ಯೂನಿಕೋಡಿನ ನಿಯಮವೇ ಹೇಳುತ್ತದೆ. ಹುಡುಕುವ ಮುನ್ನ ಎರಡನ್ನೂ ಒಂದೇ ರೂಪಕ್ಕೆ ತರುವ ವಿಧಾನವನ್ನೂ ಕೊಟ್ಟಿದೆ. ರೊಟ್ಟಿ ಬಡಿದರೂ ರೊಟ್ಟಿ, ಲಟ್ಟಿಸಿದರೂ ರೊಟ್ಟಿ. ಇಷ್ಟು ತಿಳಿಯದ ಅಡುಗೆಯವಳನ್ನು ನಾವು ಮನೆಯಲ್ಲಿ ಇಟ್ಟುಕೊಳ್ಳುತ್ತೇವೆಯೇ? ಆ ಸಣ್ಣ ಕೆಲಸವನ್ನೂ ಮಾಡದೆ ತಂತ್ರಾಂಶ ಬರೆದವರದು ಮೊದಲ ತಪ್ಪು. ಕನ್ನಡದ ನಾಲ್ಕು ಹೆಸರು ಹುಡುಕಿ ಪರೀಕ್ಷಿಸದೆ ಅದನ್ನು ಒಪ್ಪಿಕೊಂಡವರದು ಎರಡನೆಯ ತಪ್ಪು. ದಂಡ ತೆತ್ತವಳು ಮಾತ್ರ ಕೂಲಿ ಕಳೆದುಕೊಂಡ ತಾಯಿ.

ಇಂಗ್ಲಿಷಿನಲ್ಲಿಯಾದರೂ ಸುಖವುಂಟೇ? ಅದೇ 'ನೀ'ಯನ್ನು ಒಬ್ಬರು 'ಎನ್ ಐ' ಎಂದು ಬರೆದರೆ ಇನ್ನೊಬ್ಬರು 'ಎನ್ ಇ ಇ' ಎನ್ನುತ್ತಾರೆ. ಅವೆರಡೂ ಒಂದೇ ಎಂದು ಹೇಳುವ ನಿಯಮ ಎಲ್ಲೂ ಇಲ್ಲ. ನಮ್ಮ ದೀರ್ಘಕ್ಕೆ ನಿಯಮವುಂಟು, ಪಾಲಿಸುವವರಿಲ್ಲ.

ಅಕ್ಕತಂಗಿಯರೇ, ಹೆಸರಿಲ್ಲವೆಂದು ಯಾರಾದರೂ ಅಂದರೆ ತಲೆ ತಗ್ಗಿಸಿ ಮನೆಗೆ ಬರಬೇಡಿ. ಪಟ್ಟಿ ತೆರೆಸಿ, ಕಣ್ಣಾರೆ ನೋಡಿ. ಮಗುವಿನ ಹೆಸರನ್ನು ಬದಲಿಸಲು ಒಪ್ಪಬೇಡಿ.

ಕಾಗುಣಿತ ತಪ್ಪಿದ ಮಗುವಿನಿಂದ ನಾನು ಹತ್ತು ಸಲ ಬರೆಸುತ್ತೇನೆ. ಸರಿಯಾಗಿ ಬರೆದವಳಿಗೆ ಶಿಕ್ಷೆ ಕೊಟ್ಟದ್ದು ನಮ್ಮ ಶಾಲೆಯಲ್ಲಂತೂ ಇಲ್ಲ.